ಲಕ್ಷಣ ಕಾಣುವ ಮೊದಲೇ: ಲೈಂಗಿಕ ಸೋಂಕುಗಳ ನಿಯಮಿತ ತಪಾಸಣೆಗೆ ಒಂದು ಸಮಗ್ರ ಮಾರ್ಗದರ್ಶಿ

ಖಾಸಗಿ ಲ್ಯಾಬುಗಳ ‘ಫುಲ್ ಬಾಡಿ ಚೆಕಪ್’ ಪ್ಯಾಕೇಜಿನ ಪಟ್ಟಿಯನ್ನು ಒಮ್ಮೆ ಪೂರ್ತಿಯಾಗಿ ಓದಿ ನೋಡಿ. ರಕ್ತದ ಸಕ್ಕರೆ, ಕೊಲೆಸ್ಟರಾಲ್, ಥೈರಾಯ್ಡ್, ಯಕೃತ್ತು, ಮೂತ್ರಪಿಂಡ, ವಿಟಮಿನ್ ಡಿ ಎಲ್ಲವೂ ಅದರಲ್ಲಿರುತ್ತವೆ. ಸಿಫಿಲಿಸ್, ಕ್ಲಮಿಡಿಯ, ಗೊನೋರಿಯ, ಎಚ್‌ಐವಿ ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಆದರೂ ‘ಎಲ್ಲ ನಾರ್ಮಲ್’ ಎಂಬ ವರದಿ ಕೈಗೆ ಬಂದೊಡನೆ ಲೈಂಗಿಕ ಸೋಂಕಿನ ವಿಷಯದಲ್ಲೂ ತಾವು ನಿಶ್ಚಿಂತರು ಎಂದು ನಂಬಿಬಿಡುವವರು ಬಹಳ ಮಂದಿ. ಈ ಬರಹ ಅವರಿಗಾಗಿ. ಜೊತೆಗೆ, ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂಬ ಮನಸ್ಸಿದ್ದರೂ ಎಲ್ಲಿಗೆ ಹೋಗಬೇಕು, ಏನೆಂದು ಕೇಳಬೇಕು, ಬಂದ ವರದಿಯನ್ನು ಹೇಗೆ ಓದಬೇಕು ಎಂದು ತಿಳಿಯದೆ ದಿನ ದೂಡುತ್ತಿರುವವರಿಗಾಗಿ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಸಂಪೂರ್ಣವಾಗಿ ಗುಣಪಡಿಸಬಹುದಾದ ನಾಲ್ಕು ಲೈಂಗಿಕ ಸೋಂಕುಗಳು, ಅಂದರೆ ಕ್ಲಮಿಡಿಯ, ಗೊನೋರಿಯ, ಸಿಫಿಲಿಸ್ ಮತ್ತು ಟ್ರೈಕೊಮೊನಾಸ್ ಸೇರಿ, 15ರಿಂದ 49 ವರ್ಷದವರಲ್ಲಿ ಜಗತ್ತಿನಾದ್ಯಂತ ದಿನವೊಂದಕ್ಕೆ 10 ಲಕ್ಷಕ್ಕೂ ಹೆಚ್ಚು ಹೊಸದಾಗಿ ತಗಲುತ್ತವೆ. ಇವುಗಳಲ್ಲಿ ಹೆಚ್ಚಿನವು ಯಾವ ತೊಂದರೆಯನ್ನೂ ತೋರಿಸುವುದಿಲ್ಲ. ನೋವಿಲ್ಲ, ಜ್ವರವಿಲ್ಲ, ಕಣ್ಣಿಗೆ ಬೀಳುವ ಹುಣ್ಣಿಲ್ಲ. ಲಕ್ಷಣ ಬಂದರೆ ಡಾಕ್ಟರ ಹತ್ತಿರ ಹೋಗೋಣ ಎಂದು ಕಾಯುವವರಿಗೆ ಆ ಲಕ್ಷಣ ಬಾರದೆಯೂ ಹೋಗಬಹುದು. ಬರುವಷ್ಟರಲ್ಲಿ ಹಾನಿ ಆಗಿಹೋಗಿರಲೂಬಹುದು. ಆದ್ದರಿಂದ ತಪಾಸಣೆಯನ್ನು ಅನುಮಾನಕ್ಕೆ ಕಟ್ಟಿಹಾಕದೆ ಕ್ಯಾಲೆಂಡರಿಗೆ ಕಟ್ಟಬೇಕು ಎಂಬುದೇ ನನ್ನ ಒಟ್ಟು ವಾದ. ದಿನಾಂಕ ಬಂದಿದೆ ಎಂದು ಹೋಗುವ ಪರೀಕ್ಷೆಯಲ್ಲಿ ಯಾರ ಮೇಲೂ ಆರೋಪವಿರುವುದಿಲ್ಲ. ಅನುಮಾನ ಬಂದಿದೆ ಎಂದು ಹೋಗುವ ಪರೀಕ್ಷೆ ಮನೆಯೊಳಗೆ ಜಗಳವಾಗಿ ಬೆಳೆಯುತ್ತದೆ, ಆ ಜಗಳದ ಅಂಜಿಕೆಯಿಂದಲೇ ಜನ ಪರೀಕ್ಷೆಯನ್ನು ಮುಂದಕ್ಕೆ ಹಾಕುತ್ತಾರೆ.

ಸದ್ದಿಲ್ಲದೆ ಆಗುವ ಹಾನಿ

ಉರಿಮೂತ್ರ ಕಾಣಿಸಿಕೊಂಡರೆ ನಮ್ಮಲ್ಲಿ ಮೊದಲು ಬರುವ ಮಾತು ‘ಮೈಯಲ್ಲಿ ಉಷ್ಣ ಹೆಚ್ಚಾಗಿದೆ’ ಎಂಬುದು. ಎಳನೀರು, ಬಾರ್ಲಿ ನೀರು, ಜೀರಿಗೆ ಕಷಾಯ ಕುಡಿಯುತ್ತಾರೆ. ನಾಲ್ಕಾರು ದಿನದಲ್ಲಿ ಉರಿ ತಾನಾಗಿ ತಗ್ಗಿದರೆ ಉಷ್ಣ ಇಳಿಯಿತು ಎಂದುಕೊಳ್ಳುತ್ತಾರೆ. ಹೆಣ್ಣುಮಕ್ಕಳ ಬಿಳಿ ಸೆರಗಿಗೂ ಇದೇ ವಿವರಣೆ ಸಿಗುತ್ತದೆ. ಬಿಳಿ ಸೆರಗೆಲ್ಲವೂ ಲೈಂಗಿಕ ಸೋಂಕಲ್ಲ, ಉರಿಮೂತ್ರವೆಲ್ಲವೂ ಗೊನೋರಿಯ ಅಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಆದರೆ ಲಕ್ಷಣ ಅಡಗಿತು ಎಂದ ಮಾತ್ರಕ್ಕೆ ಸೋಂಕು ಹೋಯಿತು ಎಂದು ಭಾವಿಸುವುದು ಅಪಾಯಕಾರಿ ತಪ್ಪು.

ಸಿಫಿಲಿಸ್‌ನ ನಡೆಯನ್ನು ನೋಡಿದರೆ ಇದು ಅರ್ಥವಾಗುತ್ತದೆ. 16ನೇ ಶತಮಾನದ ಭಾವಪ್ರಕಾಶವೆಂಬ ವೈದ್ಯಗ್ರಂಥ ‘ಫಿರಂಗ ರೋಗ’ ಎಂದು ಕರೆದ ಈ ಕಾಯಿಲೆಯ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ಔಷಧಿಯಿಲ್ಲದೆಯೂ ಕೆಲವು ವಾರಗಳಲ್ಲಿ ಮಾಯುತ್ತದೆ. ಆಮೇಲೆ ಅಂಗೈ, ಅಂಗಾಲುಗಳಲ್ಲೂ ಏಳಬಹುದಾದ ದದ್ದುಗಳು ಬರುತ್ತವೆ, ಅವೂ ಹೋಗುತ್ತವೆ. ಅಲ್ಲಿಂದಾಚೆ ವರ್ಷಗಟ್ಟಲೆ ಮೌನ. ಆ ಮೌನದ ಕಾಲದಲ್ಲಿ ಸೋಂಕನ್ನು ಹಿಡಿಯಬಲ್ಲದ್ದು ರಕ್ತಪರೀಕ್ಷೆಯೊಂದೇ, ಬಿಟ್ಟರೆ ಮುಂದೊಂದು ದಿನ ಅದು ಹೃದಯಕ್ಕೆ, ನರಮಂಡಲಕ್ಕೆ, ಕಣ್ಣಿಗೆ ತಟ್ಟಬಹುದು.

ಕ್ಲಮಿಡಿಯ ಇನ್ನೊಂದು ಬಗೆಯಲ್ಲಿ ಕೆಡಿಸುತ್ತದೆ. ಹೆಂಗಸರಲ್ಲಿ ಅದು ಗರ್ಭಕೋಶದ ಬಾಯಿಯಿಂದ ಮೇಲೇರಿ ಗರ್ಭನಾಳಗಳಲ್ಲಿ ಉರಿಯೂತ ತಂದು, ಅವು ಕಟ್ಟಿಕೊಳ್ಳುವಂತೆ ಮಾಡಬಲ್ಲದು. ಮಕ್ಕಳಾಗಲಿಲ್ಲ ಎಂದು ಫರ್ಟಿಲಿಟಿ ಕೇಂದ್ರಗಳಿಗೆ ಅಲೆದು, ಹರಕೆ ಹೊತ್ತು, ಅತ್ತೆಮನೆಯ ಮಾತು ಕೇಳಿಸಿಕೊಂಡ ಹೆಣ್ಣುಮಗಳ ಗರ್ಭನಾಳ ಹೀಗೆ ಕಟ್ಟಿಹೋಗಿದ್ದರೆ, ಅದರ ಹಿಂದೆ ಎಂದೋ ಗಂಡನಿಂದ ಬಂದ, ಇಬ್ಬರಿಗೂ ತಿಳಿಯದೆ ಉಳಿದ, ಒಂದು ವಾರದ ಮಾತ್ರೆಯಿಂದ ಗುಣವಾಗುತ್ತಿದ್ದ ಸೋಂಕು ಇರುವ ಸಾಧ್ಯತೆಯುಂಟು. ಇದನ್ನು ಯೋಚಿಸಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಇದು ತಪ್ಪಿಸಬಹುದಾಗಿದ್ದ ನೋವು.

ಎಚ್‌ಐವಿ ಸೋಂಕಿತರು ಚಿಕಿತ್ಸೆಯಿಲ್ಲದೆಯೂ ಹಲವು ವರ್ಷ ಆರೋಗ್ಯವಂತರಂತೆಯೇ ಇರಬಲ್ಲರು. ಹೆಪಟೈಟಿಸ್ ಬಿ ಯಕೃತ್ತನ್ನು ದಶಕಗಳ ಕಾಲ ಒಳಗೊಳಗೇ ಸವೆಸಬಲ್ಲದು. ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ವೈರಸ್ಸಿನ 16 ಮತ್ತು 18 ಎಂಬ ಎರಡು ಬಗೆಗಳೇ ಗರ್ಭಕಂಠದ ಕ್ಯಾನ್ಸರಿನ ಸುಮಾರು ಶೇಕಡ 70 ಪ್ರಕರಣಗಳಿಗೆ ಕಾರಣ.

ಹಂತ 1: ಯಾವ ಸೋಂಕಿಗೆ ಯಾವ ಪರೀಕ್ಷೆ ಎಂಬುದನ್ನು ತಿಳಿದುಕೊಳ್ಳಿ

‘ಎಸ್‌ಟಿಡಿ ಟೆಸ್ಟ್’ ಎಂಬ ಹೆಸರಿನ ಒಂದೇ ಪರೀಕ್ಷೆ ಇಲ್ಲ. ಒಂದೊಂದು ಸೋಂಕಿಗೆ ಒಂದೊಂದು ಮಾದರಿ ಬೇಕು, ಒಂದೊಂದು ವಿಧಾನ ಬೇಕು.

ರಕ್ತದಿಂದ ತಿಳಿಯುವಂಥವು ಮುಖ್ಯವಾಗಿ ನಾಲ್ಕು. ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಮತ್ತು ಹೆಪಟೈಟಿಸ್ ಸಿ. ಸಿಫಿಲಿಸ್‌ಗೆ ಎರಡು ಬಗೆಯ ಪರೀಕ್ಷೆಗಳಿವೆ. ವಿಡಿಆರ್‌ಎಲ್ ಅಥವಾ ಆರ್‌ಪಿಆರ್ ಎಂಬುದು ಕಾಯಿಲೆಯ ಚಟುವಟಿಕೆಯನ್ನು ಅಳೆಯುತ್ತದೆ; ಟಿಪಿಎಚ್‌ಎ ಎಂಬುದು ಆ ರೋಗಾಣುವೇ ದೇಹಕ್ಕೆ ಎಂದಾದರೂ ಬಂದಿತ್ತೇ ಎಂಬುದನ್ನು ಹೇಳುತ್ತದೆ. ಎರಡೂ ಒಟ್ಟಿಗೆ ಇದ್ದರೆ ಮಾತ್ರ ಅರ್ಥ ಪೂರ್ಣವಾಗುತ್ತದೆ. ಹೆಪಟೈಟಿಸ್ ಬಿಗೆ ಎಚ್‌ಬಿಎಸ್ ಆಂಟಿಜೆನ್ ಪರೀಕ್ಷೆ ಮಾಡಿಸಬೇಕು. ಈ ಸೋಂಕಿಗೆ ಲಸಿಕೆ ಇದೆ ಎಂಬುದು ದೊಡ್ಡ ಅನುಕೂಲ. ವರದಿ ನೆಗೆಟಿವ್ ಬಂದ, ಹಿಂದೆ ಲಸಿಕೆ ಪಡೆಯದ ವಯಸ್ಕರು ಸಾಮಾನ್ಯವಾಗಿ ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ ಎಂದು ಮೂರು ಡೋಸು ಹಾಕಿಸಿಕೊಂಡರೆ ಈ ಒಂದು ಚಿಂತೆ ಮುಗಿಯುತ್ತದೆ.

ಕ್ಲಮಿಡಿಯ ಮತ್ತು ಗೊನೋರಿಯಗಳನ್ನು ವಾಡಿಕೆಯ ರಕ್ತಪರೀಕ್ಷೆ ಹಿಡಿಯುವುದಿಲ್ಲ. ಇದನ್ನು ಅರಿಯದೆ ರಕ್ತ ಮಾತ್ರ ಕೊಟ್ಟು ಬರುವವರೇ ಹೆಚ್ಚು. ಇವಕ್ಕೆ ರೋಗಾಣುವಿನ ವಂಶವಾಹಿ ಅಂಶವನ್ನು ಹುಡುಕುವ, ಪಿಸಿಆರ್ ಅಥವಾ ನ್ಯಾಟ್ ಎಂದು ಕರೆಯುವ ಪರೀಕ್ಷೆ ಬೇಕು. ಗಂಡಸರಲ್ಲಿ ಮೂತ್ರದ ಮೊದಲ ಧಾರೆಯಿಂದ, ಹೆಂಗಸರಲ್ಲಿ ಯೋನಿಯಿಂದ ತೆಗೆದ ಸ್ವಾಬಿನಿಂದ ಅದನ್ನು ಮಾಡುತ್ತಾರೆ. ಸ್ವಾಬನ್ನು ಹೆಂಗಸರು ತಾವೇ ತೆಗೆದುಕೊಟ್ಟರೂ ಫಲಿತಾಂಶ ಅಷ್ಟೇ ನಂಬಿಕೆಗೆ ಅರ್ಹ. ಮುಖಮೈಥುನ ಅಥವಾ ಗುದಮೈಥುನದ ಅಭ್ಯಾಸ ಇದ್ದವರಿಗೆ ಗಂಟಲು ಮತ್ತು ಗುದದ್ವಾರದ ಸ್ವಾಬೂ ಬೇಕಾಗುತ್ತದೆ. ಗಂಟಲಿನ ಗೊನೋರಿಯ ಬಹುಪಾಲು ಸುಮ್ಮನೆ ಇರುತ್ತದೆ, ಮೂತ್ರದ ಪರೀಕ್ಷೆ ಎಷ್ಟು ಸಲ ಮಾಡಿದರೂ ಅದು ಸಿಕ್ಕುವುದಿಲ್ಲ.

ಎಚ್‌ಪಿವಿಯ ವಿಷಯ ಬೇರೆ. ಗಂಡಸರಿಗೆ ಇದರ ವಾಡಿಕೆಯ ತಪಾಸಣೆ ಇಲ್ಲ. ಹೆಂಗಸರಿಗೆ ಪ್ಯಾಪ್ ಪರೀಕ್ಷೆ, ಎಚ್‌ಪಿವಿ ಡಿಎನ್‌ಎ ಪರೀಕ್ಷೆ, ಅಥವಾ ಗರ್ಭಕಂಠಕ್ಕೆ ಅಸಿಟಿಕ್ ಆಮ್ಲ ಸವರಿ ನೋಡುವ ವಿಐಎ ಪರೀಕ್ಷೆ ಇದೆ. ಭಾರತ ಸರ್ಕಾರದ ಕಾರ್ಯಕ್ರಮ 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ವಿಐಎಯನ್ನು ಸೂಚಿಸುತ್ತದೆ.

ಹರ್ಪಿಸ್‌ಗೆ ಯಾವ ಲಕ್ಷಣವೂ ಇಲ್ಲದಿರುವಾಗ ರಕ್ತಪರೀಕ್ಷೆ ಮಾಡಿಸುವುದನ್ನು ತಜ್ಞರು ಶಿಫಾರಸು ಮಾಡುವುದಿಲ್ಲ, ಏಕೆಂದರೆ ಸುಳ್ಳು ಪಾಸಿಟಿವ್ ಬರುವುದುಂಟು ಮತ್ತು ಬಂದ ಫಲಿತಾಂಶದಿಂದ ಹೆಚ್ಚಾಗಿ ಚಿಕಿತ್ಸೆ ಬದಲಾಗುವುದಿಲ್ಲ. ಹುಣ್ಣು ಎದ್ದಾಗಲೇ ಅದರಿಂದ ಸ್ವಾಬ್ ತೆಗೆಸುವುದು ಸರಿಯಾದ ದಾರಿ. ಹಾಗೆಯೇ, ಒಂದೇ ಮಾದರಿಯಲ್ಲಿ ಏಳೋ ಹತ್ತೋ ರೋಗಾಣುಗಳನ್ನು ಹುಡುಕುವ ದುಬಾರಿ ಪ್ಯಾನೆಲ್‌ಗಳಲ್ಲಿ ಯೂರಿಯಾಪ್ಲಾಸ್ಮದಂಥವೂ ಸೇರಿರುತ್ತವೆ. ಅವು ಆರೋಗ್ಯವಂತರ ದೇಹದಲ್ಲೂ ಸಹಜವಾಗಿ ಇರುವಂಥವು. ಲಕ್ಷಣವಿಲ್ಲದವರು ಅಂಥ ವರದಿ ನೋಡಿ ಗಾಬರಿಯಾಗಿ ಅನಗತ್ಯವಾಗಿ ಆ್ಯಂಟಿಬಯಾಟಿಕ್ ನುಂಗುವುದು ಬೇಡ.

ಹಂತ 2: ನಿಮ್ಮ ಅವಧಿಯನ್ನು ನೀವೇ ಗೊತ್ತುಮಾಡಿಕೊಳ್ಳಿ

ಎಲ್ಲರಿಗೂ ಒಂದೇ ಅವಧಿ ಹೊಂದುವುದಿಲ್ಲ. ಲೈಂಗಿಕ ಜೀವನ ಆರಂಭಿಸಿದ ಪ್ರತಿಯೊಬ್ಬ ವಯಸ್ಕರೂ ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳನ್ನು ಒಮ್ಮೆಯಾದರೂ ಮಾಡಿಸಿಕೊಂಡಿರಬೇಕು ಎಂಬುದು ಕನಿಷ್ಠ ಮಿತಿ. ಹೊಸ ಸಂಗಾತಿಯೊಡನೆ ಸಂಬಂಧ ಆರಂಭವಾಗುವ ಮುನ್ನ ಇಬ್ಬರೂ ಮಾಡಿಸುವುದು, ಕಾಂಡೋಮ್ ಬಿಡಲು ನಿರ್ಧರಿಸುವ ಮುನ್ನ ಮತ್ತೊಮ್ಮೆ ಮಾಡಿಸುವುದು ವಿವೇಕ. ಲೈಂಗಿಕವಾಗಿ ಸಕ್ರಿಯರಾಗಿರುವ 25 ವರ್ಷದೊಳಗಿನ ಯುವತಿಯರಿಗೆ, ಮತ್ತು ಒಂದಕ್ಕಿಂತ ಹೆಚ್ಚು ಸಂಗಾತಿಗಳಿರುವ ಅಥವಾ ಸಂಗಾತಿಗೆ ಬೇರೆ ಸಂಬಂಧ ಇರುವ ಯಾವುದೇ ವಯಸ್ಸಿನವರಿಗೆ, ಕ್ಲಮಿಡಿಯ ಹಾಗೂ ಗೊನೋರಿಯ ಪರೀಕ್ಷೆ ವರ್ಷಕ್ಕೊಮ್ಮೆ ಬೇಕು. ಗಂಡಸರೊಡನೆ ಸಂಬಂಧ ಇರುವ ಗಂಡಸರಲ್ಲಿ ಹಲವು ಸಂಗಾತಿಗಳಿದ್ದರೆ ಮೂರರಿಂದ ಆರು ತಿಂಗಳಿಗೊಮ್ಮೆ ಮಾಡಿಸುವುದು ಒಳ್ಳೆಯದು. ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ 377ನೇ ಕಲಮಿನ ಭಾಗವನ್ನು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ತೆಗೆದುಹಾಕಿದೆ. ಆದ್ದರಿಂದ ವೈದ್ಯರ ಮುಂದೆ ನಿಜ ಹೇಳುವುದಕ್ಕೆ ಕಾನೂನಿನ ಭಯ ಬೇಡ.

ಗರ್ಭಿಣಿಯರಿಗೆ ಈ ಲೆಕ್ಕಾಚಾರವೇ ಬೇಡ. ಗರ್ಭ ನಿಂತದ್ದು ತಿಳಿದ ಕೂಡಲೇ, ಮೊದಲ ಮೂರು ತಿಂಗಳೊಳಗೆ, ಎಚ್‌ಐವಿ, ಸಿಫಿಲಿಸ್ ಮತ್ತು ಹೆಪಟೈಟಿಸ್ ಬಿ ಮೂರೂ ಪರೀಕ್ಷೆ ಆಗಬೇಕು. ಚಿಕಿತ್ಸೆಯಿಲ್ಲದಿದ್ದರೆ ತಾಯಿಯಿಂದ ಮಗುವಿಗೆ ಎಚ್‌ಐವಿ ಹರಡುವ ಸಾಧ್ಯತೆ ಶೇಕಡ 15ರಿಂದ 45ರವರೆಗೆ ಇರುತ್ತದೆ; ಸಕಾಲದಲ್ಲಿ ತಿಳಿದು ಔಷಧಿ ಶುರುವಾದರೆ ಅದು ಶೇಕಡ 5ಕ್ಕಿಂತ ಕೆಳಗೆ ಇಳಿಯುತ್ತದೆ. ಸಿಫಿಲಿಸ್ ಗುರುತಿಸದೆ ಬಿಟ್ಟರೆ ಗರ್ಭಪಾತವಾಗಬಹುದು, ಮಗು ಹೊಟ್ಟೆಯಲ್ಲೇ ತೀರಿಕೊಳ್ಳಬಹುದು. ಪೆನಿಸಿಲಿನ್ ಇಂಜೆಕ್ಷನ್ ಅದನ್ನು ತಡೆಯುತ್ತದೆ. ಆಶಾ ಕಾರ್ಯಕರ್ತೆ ತಾಯಿ ಕಾರ್ಡ್ ಮಾಡಿಸಿಕೊಟ್ಟಾಗ ಈ ಮೂರರ ಫಲಿತಾಂಶ ಅದರಲ್ಲಿ ದಾಖಲಾಗಿದೆಯೇ ಎಂದು ಮನೆಯವರು ನೋಡಬೇಕು. ಗಂಡನೂ ಅದೇ ದಿನ ಪರೀಕ್ಷೆ ಮಾಡಿಸಿಕೊಂಡರೆ ಇನ್ನೂ ಒಳ್ಳೆಯದು, ಏಕೆಂದರೆ ಬಸುರಿನ ನಡುವೆ ಗಂಡನಿಂದ ಹೊಸದಾಗಿ ತಗಲುವ ಸೋಂಕು ಮಗುವಿಗೆ ಹೆಚ್ಚು ಅಪಾಯಕಾರಿ.

ಹಂತ 3: ಕಿಟಕಿ ಅವಧಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ಸೋಂಕು ತಗಲಿದ ಮರುದಿನವೇ ಪರೀಕ್ಷೆಯಲ್ಲಿ ಕಾಣುವುದಿಲ್ಲ. ತಗಲಿದ ದಿನದಿಂದ ಪರೀಕ್ಷೆಗೆ ಸಿಕ್ಕುವ ದಿನದವರೆಗಿನ ಅಂತರವನ್ನು ಕಿಟಕಿ ಅವಧಿ ಎನ್ನುತ್ತಾರೆ. ಎಚ್‌ಐವಿಯಲ್ಲಿ ವೈರಸ್ಸನ್ನೇ ಹುಡುಕುವ ಪರೀಕ್ಷೆಗೆ 10ರಿಂದ 33 ದಿನ, ರಕ್ತನಾಳದಿಂದ ತೆಗೆದ ರಕ್ತದಲ್ಲಿ ಆಂಟಿಜೆನ್ (ವೈರಸ್ಸಿನ ಅಂಶ) ಮತ್ತು ಆಂಟಿಬಾಡಿ (ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ) ಎರಡನ್ನೂ ನೋಡುವ ಲ್ಯಾಬ್ ಪರೀಕ್ಷೆಗೆ 18ರಿಂದ 45 ದಿನ, ಆಂಟಿಬಾಡಿ ಮಾತ್ರ ನೋಡುವ ಪರೀಕ್ಷೆಗೆ 23ರಿಂದ 90 ದಿನ ಹಿಡಿಯಬಹುದು. ಕ್ಲಮಿಡಿಯ, ಗೊನೋರಿಯಗಳಿಗೆ ಸುಮಾರು ಎರಡು ವಾರ ಸಾಕು. ಸಿಫಿಲಿಸ್‌ಗೆ ಕೆಲವು ವಾರಗಳಿಂದ ಮೂರು ತಿಂಗಳವರೆಗೆ ಬೇಕಾಗಬಹುದು.

ಇದರ ಪ್ರಾಯೋಗಿಕ ಅರ್ಥ ಇಷ್ಟು: ಒಂದು ನಿರ್ದಿಷ್ಟ ಘಟನೆಯ ಬಗ್ಗೆ ಚಿಂತೆಯಿದ್ದರೆ ಈಗೊಮ್ಮೆ, ಮೂರು ತಿಂಗಳು ತುಂಬಿದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ, ನಡುವಿನ ಕಾಲದಲ್ಲಿ ಕಾಂಡೋಮ್ ಬಿಡಬೇಡಿ. ಎಚ್‌ಐವಿ ತಗಲಿರುವ ಸಾಧ್ಯತೆ ಇರುವ ಘಟನೆ ನಡೆದು 72 ಗಂಟೆ ದಾಟಿರದಿದ್ದರೆ ಪರೀಕ್ಷೆಗಿಂತ ಮೊದಲು ಮಾಡಬೇಕಾದ ಕೆಲಸವೊಂದಿದೆ. ತಕ್ಷಣ ಆಸ್ಪತ್ರೆಗೆ ಹೋಗಿ ‘ಪೆಪ್’ ಎಂಬ ಮುನ್ನೆಚ್ಚರಿಕೆ ಔಷಧಿ ಕೇಳಬೇಕು. ಎಷ್ಟು ಬೇಗ ಶುರುವಾದರೆ ಅಷ್ಟು ಫಲಕಾರಿ, 28 ದಿನ ತಪ್ಪದೆ ತೆಗೆದುಕೊಳ್ಳಬೇಕು.

ಪರೀಕ್ಷೆ ಪುಕ್ಕಟೆ ಆಗುತ್ತದೆ ಎಂದು ರಕ್ತದಾನ ಶಿಬಿರಕ್ಕೆ ಹೋಗುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಿಟಕಿ ಅವಧಿಯಲ್ಲಿ ಕೊಟ್ಟ ರಕ್ತ ಪರೀಕ್ಷೆಯನ್ನು ದಾಟಿ ಇನ್ನೊಬ್ಬ ರೋಗಿಯ ದೇಹ ಸೇರಬಹುದು.

ಹಂತ 4: ಎಲ್ಲಿಗೆ ಹೋಗಬೇಕು

ಮೊದಲ ಸಲ ಹೋಗುವವರಿಗೆ ಸರ್ಕಾರಿ ವ್ಯವಸ್ಥೆಯನ್ನೇ ನಾನು ಸೂಚಿಸುತ್ತೇನೆ, ಏಕೆಂದರೆ ಅಲ್ಲಿ ಪರೀಕ್ಷೆಯ ಜೊತೆಗೆ ಮಾತನಾಡಲು ಒಬ್ಬ ಮನುಷ್ಯರು ಸಿಗುತ್ತಾರೆ. ಜಿಲ್ಲಾ ಆಸ್ಪತ್ರೆ, ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಐಸಿಟಿಸಿ, ಅಂದರೆ ಸಮಗ್ರ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಿವೆ. ಎಚ್‌ಐವಿ ಪರೀಕ್ಷೆ ಅಲ್ಲಿ ಉಚಿತ. ಲೈಂಗಿಕ ಸೋಂಕುಗಳಿಗೆಂದೇ ‘ಸುರಕ್ಷಾ ಕ್ಲಿನಿಕ್’ ಎಂಬ ಹೆಸರಿನ ಕೇಂದ್ರಗಳಿವೆ. ಆ ಬೋರ್ಡು ಕಾಣದಿದ್ದರೆ ಚರ್ಮ ಮತ್ತು ಗುಹ್ಯರೋಗ ವಿಭಾಗವನ್ನು ಕೇಳಿಕೊಂಡು ಹೋಗಬಹುದು. ಚರ್ಮದ ವಿಭಾಗಕ್ಕೆ ಚೀಟಿ ಮಾಡಿಸಿ ಎಂದರೆ ಕೌಂಟರಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಹತ್ತಿರದ ಕೇಂದ್ರ ಯಾವುದೆಂದು ತಿಳಿಯಲು 1097 ಎಂಬ ರಾಷ್ಟ್ರೀಯ ಉಚಿತ ಸಹಾಯವಾಣಿಗೆ ಕರೆ ಮಾಡಿ.

ಒಂದು ಮಿತಿಯನ್ನು ಮಾತ್ರ ಮುಂಚಿತವಾಗಿ ಅರಿತಿರಬೇಕು. ಸರ್ಕಾರಿ ಕ್ಲಿನಿಕ್‌ಗಳಲ್ಲಿ ಬಹುಕಾಲದಿಂದ ನಡೆದು ಬಂದಿರುವುದು ಲಕ್ಷಣ ಆಧಾರಿತ ಚಿಕಿತ್ಸೆ. ಸ್ರಾವಕ್ಕೆ ಬೂದು ಬಣ್ಣದ ಪೊಟ್ಟಣ, ಹರ್ಪಿಸ್ ಹುಣ್ಣಿಗೆ ಕೆಂಪು ಪೊಟ್ಟಣ ಎಂದು ಬಣ್ಣ ಬಣ್ಣದ ಔಷಧಿ ಕಿಟ್‌ಗಳನ್ನು ಲಕ್ಷಣ ನೋಡಿ ಕೊಡುವ ಪದ್ಧತಿ ಅದು. ಲಕ್ಷಣ ಇರುವವರಿಗೆ ಅಂದೇ ಔಷಧಿ ಸಿಗುವ ಕಾರಣ ಇದು ಲಕ್ಷಾಂತರ ಜನರಿಗೆ ಉಪಕಾರ ಮಾಡಿದೆ. ಆದರೆ ಲಕ್ಷಣವೇ ಇಲ್ಲದವರನ್ನು ಈ ಪದ್ಧತಿ ಹಿಡಿಯಲಾರದು, ಕ್ಲಮಿಡಿಯ ಮತ್ತು ಗೊನೋರಿಯಗಳ ಪಿಸಿಆರ್ ಎಲ್ಲ ಕಡೆ ಲಭ್ಯವೂ ಇಲ್ಲ. ಆ ಎರಡು ಪರೀಕ್ಷೆಗೆ ಖಾಸಗಿ ಲ್ಯಾಬಿನ ಮೊರೆ ಹೋಗಬೇಕಾಗಬಹುದು, ಬೆಲೆಯನ್ನು ಎರಡು ಮೂರು ಕಡೆ ವಿಚಾರಿಸಿ.

ಕರಾವಳಿಯ ಓದುಗರಿಗೆ ಪ್ರತ್ಯೇಕವಾಗಿ ಒಂದು ಮಾತು. ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಕೊಲ್ಲಿ ರಾಷ್ಟ್ರಗಳಿಗೆ ಹೋಗುವ ಎಷ್ಟೋ ಹುಡುಗರ ಪಾಲಿಗೆ ಜೀವನದ ಮೊದಲ ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಪರೀಕ್ಷೆ ಆಗುವುದು ವೀಸಾದ ‘ಮೆಡಿಕಲ್’ನಲ್ಲಿ. ಅದು ಉದ್ಯೋಗದಾತ ದೇಶದ ಅಗತ್ಯಕ್ಕೆ ಮಾಡುವ ಪರೀಕ್ಷೆ. ಅದರ ಉತ್ತರ ‘ಫಿಟ್’ ಅಥವಾ ‘ಅನ್‌ಫಿಟ್’. ಸಾಲ ಮಾಡಿ ಏಜೆಂಟರಿಗೆ ಹಣ ಕಟ್ಟಿದ ಮೇಲೆ ಆ ಮಾತು ಕೇಳುವ ಬದಲು, ಮೊದಲೇ ಊರಿನ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿಕೊಂಡರೆ ಗುಣವಾಗುವುದನ್ನು ಗುಣಪಡಿಸಿಕೊಳ್ಳಲು ಸಮಯ ಸಿಗುತ್ತದೆ. ರಜೆಯಲ್ಲಿ ಊರಿಗೆ ಬಂದಾಗ ಗಂಡಹೆಂಡತಿ ಇಬ್ಬರೂ ಒಮ್ಮೆ ಹೋಗಿಬರುವ ರೂಢಿ ಇಟ್ಟುಕೊಳ್ಳಬಹುದು.

ಹಂತ 5: ವೈದ್ಯರಿಗೆ ಏನು ಹೇಳಬೇಕು, ಮಾದರಿ ಹೇಗೆ ಕೊಡಬೇಕು

ಬಾಯಿ ತೆರೆಯುವುದೇ ಕಷ್ಟ ಎನ್ನುವವರಿಗೆ ಒಂದು ವಾಕ್ಯವನ್ನು ಸಿದ್ಧಮಾಡಿ ಕೊಡುತ್ತೇನೆ: ‘ಡಾಕ್ಟರೇ, ನನಗೆ ತೊಂದರೆ ಏನೂ ಇಲ್ಲ, ಆದರೆ ಲೈಂಗಿಕ ಸೋಂಕುಗಳ ತಪಾಸಣೆ ಮಾಡಿಸಿಕೊಳ್ಳಬೇಕು ಅಂತ ಬಂದಿದ್ದೇನೆ.’ ಇಷ್ಟು ಹೇಳಿದರೆ ಉಳಿದದ್ದನ್ನು ಅವರು ಕೇಳುತ್ತಾರೆ. ಕೇಳುವ ಪ್ರಶ್ನೆಗಳು ನೇರವಾಗಿರುತ್ತವೆ: ಕಳೆದ ಕೆಲವು ತಿಂಗಳಲ್ಲಿ ಎಷ್ಟು ಸಂಗಾತಿಗಳು, ಗಂಡೇ ಹೆಣ್ಣೇ, ಯಾವ ಬಗೆಯ ಸಂಪರ್ಕ, ಕಾಂಡೋಮ್ ಬಳಸಿದ್ದಿರಾ, ಕೊನೆಯ ಸಂಪರ್ಕ ಯಾವಾಗ, ಔಷಧಿ ಅಲರ್ಜಿ ಇದೆಯೇ, ಗರ್ಭಿಣಿಯೇ. ಉತ್ತರದ ಮೇಲೆ ಯಾವ ಜಾಗದ ಮಾದರಿ ಬೇಕೆಂಬುದು ನಿಂತಿರುವುದರಿಂದ, ಇಲ್ಲಿ ಹೇಳುವ ಸಣ್ಣ ಸುಳ್ಳು ಕೂಡ ಪರೀಕ್ಷೆಯನ್ನು ನಿಷ್ಫಲಗೊಳಿಸುತ್ತದೆ. ಯಾರಾದರೂ ಬುದ್ಧಿವಾದಕ್ಕೆ ಇಳಿದರೆ ಅಥವಾ ಹೀನಾಯವಾಗಿ ಮಾತನಾಡಿದರೆ ಅದು ಅವರ ತಪ್ಪು. ಬೇರೆ ವೈದ್ಯರನ್ನು ಹುಡುಕಿ, ತಪಾಸಣೆಯನ್ನು ಮಾತ್ರ ಕೈಬಿಡಬೇಡಿ.

ಮೂತ್ರದ ಮಾದರಿಗೆ ಕನಿಷ್ಠ ಒಂದು ಗಂಟೆ ಮೊದಲಿನಿಂದ ಮೂತ್ರಕ್ಕೆ ಹೋಗಿರಬಾರದು, ಮತ್ತು ಮೊದಲ ಧಾರೆಯ 20ರಿಂದ 30 ಮಿಲಿಲೀಟರಿನಷ್ಟನ್ನು ಹಿಡಿಯಬೇಕು. ಮೂತ್ರಕೋಶದ ಸಾಮಾನ್ಯ ಸೋಂಕಿಗೆ ನಡುವಿನ ಧಾರೆ ಕೇಳುವುದು ರೂಢಿಯಾದ್ದರಿಂದ ಇಲ್ಲಿ ಗೊಂದಲವಾಗುತ್ತದೆ, ಲ್ಯಾಬಿನವರಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ. ಲೈಂಗಿಕ ಸೋಂಕುಗಳ ರಕ್ತಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ. ಪರೀಕ್ಷೆಗೆ ಮುನ್ನ ಮೆಡಿಕಲ್ ಶಾಪಿನಿಂದ ತಾವೇ ಆ್ಯಂಟಿಬಯಾಟಿಕ್ ತಂದು ನುಂಗಬಾರದು; ಅರೆಬರೆ ಡೋಸು ಲಕ್ಷಣವನ್ನು ಮರೆಮಾಡುತ್ತದೆ, ಫಲಿತಾಂಶವನ್ನು ಕೆಡಿಸುತ್ತದೆ. ಗೊನೋರಿಯ ಒಂದಾದ ಮೇಲೊಂದು ಔಷಧಿಗೆ ಬಗ್ಗದಂತಾಗುತ್ತಿರುವುದಕ್ಕೆ ಇಂಥ ಬಳಕೆಯೂ ಒಂದು ಕಾರಣ.

ಹಂತ 6: ನಿಮ್ಮ ಹಕ್ಕುಗಳನ್ನು ಅರಿತು ಒಳಗೆ ಹೋಗಿ

ಎಚ್‌ಐವಿ ಮತ್ತು ಏಡ್ಸ್ (ತಡೆ ಮತ್ತು ನಿಯಂತ್ರಣ) ಕಾಯಿದೆ 2017ರಲ್ಲಿ ಅಂಗೀಕಾರವಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರಂತೆ ನಿಮಗೆ ತಿಳಿಸಿ, ನಿಮ್ಮ ಒಪ್ಪಿಗೆ ಪಡೆದು, ಪರೀಕ್ಷೆಯ ಮುಂಚೆ ಮತ್ತು ನಂತರ ಆಪ್ತಸಮಾಲೋಚನೆ ನಡೆಸಿಯೇ ಎಚ್‌ಐವಿ ಪರೀಕ್ಷೆ ಮಾಡಬೇಕು. ಫಲಿತಾಂಶವನ್ನು ನಿಮ್ಮ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವಂತಿಲ್ಲ. ಇದಕ್ಕೆ ಕಾನೂನೇ ಹೇಳಿರುವ ಕೆಲವು ವಿನಾಯಿತಿಗಳು ಮಾತ್ರ ಇವೆ. ಎಚ್‌ಐವಿ ಇದೆ ಎಂಬ ಕಾರಣಕ್ಕೆ ಕೆಲಸ, ಶಿಕ್ಷಣ, ಚಿಕಿತ್ಸೆ, ಬಾಡಿಗೆ ಮನೆ ನಿರಾಕರಿಸಿ ತಾರತಮ್ಯ ಮಾಡುವುದು ನಿಷಿದ್ಧ. ದೂರು ಕೇಳಲು ರಾಜ್ಯಗಳು ಒಂಬುಡ್ಸ್‌ಮನ್ ನೇಮಿಸಬೇಕು ಎಂದೂ ಕಾಯಿದೆ ಹೇಳುತ್ತದೆ. 18 ವರ್ಷದೊಳಗಿನವರ ವಿಷಯದಲ್ಲಿ ತಂದೆತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕಾಗುತ್ತದೆ.

ಸಣ್ಣ ಊರಿನಲ್ಲಿ ಕಾನೂನಿಗಿಂತ ಪರಿಚಯದವರ ಕಣ್ಣು ಹೆಚ್ಚು ಭಯ ಹುಟ್ಟಿಸುತ್ತದೆ ಎಂಬುದು ನನಗೆ ಗೊತ್ತು. ಪಕ್ಕದ ತಾಲ್ಲೂಕಿನ ಆಸ್ಪತ್ರೆಗೆ ಹೋಗುವುದರಲ್ಲಿ ಯಾವ ತಪ್ಪೂ ಇಲ್ಲ. ಖಾಸಗಿ ಲ್ಯಾಬಿನಲ್ಲಿ ವರದಿಯನ್ನು ಮನೆಯ ವಾಟ್ಸ್ಆ್ಯಪ್ ನಂಬರಿಗೆ ಕಳಿಸದೆ ಕೈಗೇ ಕೊಡಬೇಕೆಂದು ಮೊದಲೇ ಹೇಳಿಡಿ.

ಹಂತ 7: ವರದಿಯನ್ನು ಸರಿಯಾಗಿ ಓದಿ

ಎಚ್‌ಐವಿಯ ಮೊದಲ ಪರೀಕ್ಷೆ ‘ರಿಯಾಕ್ಟಿವ್’ ಬಂದರೆ ಅದು ಅಂತಿಮ ತೀರ್ಪಲ್ಲ. ರಾಷ್ಟ್ರೀಯ ಕ್ರಮದಂತೆ ಬೇರೆ ಬೇರೆ ತತ್ವದ ಒಟ್ಟು ಮೂರು ಪರೀಕ್ಷೆಗಳೂ ರಿಯಾಕ್ಟಿವ್ ಆದ ಮೇಲೆಯೇ ಪಾಸಿಟಿವ್ ಎಂದು ಹೇಳುತ್ತಾರೆ. ಖಾಸಗಿ ಲ್ಯಾಬಿನ ಒಂದೇ ಪರೀಕ್ಷೆಯ ಹಾಳೆ ಹಿಡಿದು ಕಂಗೆಟ್ಟವರು ಮೊದಲು ಐಸಿಟಿಸಿಗೆ ಹೋಗಿ ದೃಢಪಡಿಸಿಕೊಳ್ಳಬೇಕು.

ವಿಡಿಆರ್‌ಎಲ್ ಕೂಡ ಗರ್ಭಾವಸ್ಥೆಯಲ್ಲಿ, ಕೆಲವು ಜ್ವರಗಳ ನಂತರ, ಲೂಪಸ್‌ನಂಥ ಕಾಯಿಲೆಗಳಲ್ಲಿ ಸುಳ್ಳಾಗಿ ಪಾಸಿಟಿವ್ ಬರಬಹುದು, ಅದಕ್ಕೇ ಟಿಪಿಎಚ್‌ಎ ಜೊತೆಗಿರಬೇಕು. ಚಿಕಿತ್ಸೆ ಪಡೆದವರು ಇನ್ನೊಂದನ್ನು ನೆನಪಿಡಬೇಕು. ಟಿಪಿಎಚ್‌ಎ ಹೆಚ್ಚಿನವರಲ್ಲಿ ಜೀವನಪೂರ್ತಿ ಪಾಸಿಟಿವ್ ಆಗಿಯೇ ಉಳಿಯುತ್ತದೆ, ಅದನ್ನು ನೋಡಿ ಕಾಯಿಲೆ ಹೋಗಿಲ್ಲ ಎಂದು ಕೊರಗಬಾರದು. ನೋಡಬೇಕಾದ್ದು ಆರ್‌ಪಿಆರ್‌ನ ಅಂಕಿ. 1:32 ಇದ್ದದ್ದು 1:8ಕ್ಕೆ ಇಳಿದರೆ, ಅಂದರೆ ನಾಲ್ಕು ಪಟ್ಟು ತಗ್ಗಿದರೆ, ಚಿಕಿತ್ಸೆ ಫಲಿಸಿದೆ. ಹೆಪಟೈಟಿಸ್ ಸಿ ಆಂಟಿಬಾಡಿ ಪಾಸಿಟಿವ್ ಇದ್ದರೆ ವೈರಸ್ ಈಗಲೂ ಇದೆಯೇ ಎಂದು ಆರ್‌ಎನ್‌ಎ ಪರೀಕ್ಷೆಯಿಂದ ತಿಳಿಯಬೇಕು. ನೆಗೆಟಿವ್ ವರದಿಯೂ ಅದರ ಕಿಟಕಿ ಅವಧಿಯಷ್ಟು ಹಿಂದಿನ ಸ್ಥಿತಿಯನ್ನಷ್ಟೇ ಹೇಳುತ್ತದೆ. ಅದು ನಿಮ್ಮ ವರದಿ, ನಿಮ್ಮ ಸಂಗಾತಿಯದಲ್ಲ.

ಹಂತ 8: ಪಾಸಿಟಿವ್ ಬಂದರೆ

ಬ್ಯಾಕ್ಟೀರಿಯದ ಸೋಂಕುಗಳು ಗುಣವಾಗುತ್ತವೆ. ಹೆಪಟೈಟಿಸ್ ಸಿ ಕೂಡ ಸಾಮಾನ್ಯವಾಗಿ ಮೂರು ತಿಂಗಳ ಮಾತ್ರೆಯಿಂದ ಗುಣವಾಗುತ್ತದೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಚಿಕಿತ್ಸೆ ಉಚಿತ. ಎಚ್‌ಐವಿಗೆ ಎಆರ್‌ಟಿ, ಅಂದರೆ ವೈರಸ್ಸನ್ನು ಹತ್ತಿಕ್ಕುವ ಔಷಧಿಯನ್ನು ಭಾರತದಲ್ಲಿ 2004ರ ಏಪ್ರಿಲ್ 1ರಿಂದ ಉಚಿತವಾಗಿ ಕೊಡಲಾಗುತ್ತಿದೆ, 2017ರಿಂದ ಸಿಡಿ4 (ರೋಗನಿರೋಧಕ ಶಕ್ತಿಯನ್ನು ಸೂಚಿಸುವ ರಕ್ತಕಣ) ಎಣಿಕೆ ಎಷ್ಟೇ ಇದ್ದರೂ ಸೋಂಕು ದೃಢಪಟ್ಟವರಿಗೆಲ್ಲ ಔಷಧಿ ಆರಂಭಿಸುವ ನೀತಿಯಿದೆ. ಬೆಂಗಳೂರಿನ ಬೌರಿಂಗ್, ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಗಳೂರಿನ ವೆನ್‌ಲಾಕ್ ಮುಂತಾದ ಕಡೆ ಎಆರ್‌ಟಿ ಕೇಂದ್ರಗಳಿವೆ. ಔಷಧಿಯನ್ನು ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟದಲ್ಲೇ ಉಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸಂಗಾತಿಗೆ ಎಚ್‌ಐವಿ ಹರಡುವುದಿಲ್ಲ. ನನ್ನ ಮಟ್ಟಿಗೆ ಈ ಇಡೀ ಬರಹದಲ್ಲಿ ಹೆಚ್ಚು ಜನರಿಗೆ ತಲುಪಬೇಕಾದ ವಾಕ್ಯ ಇದು.

ಸಂಗಾತಿಗೂ ಚಿಕಿತ್ಸೆ ಆಗಲೇಬೇಕು. ಒಬ್ಬರು ಗುಣವಾಗಿ ಇನ್ನೊಬ್ಬರು ಉಳಿದರೆ ಸೋಂಕು ಮರಳಿ ಬರುತ್ತದೆ. ಹೇಳುವುದು ಹೇಗೆ ಎಂದು ತೋಚದಿದ್ದರೆ ಹೀಗೆ ಹೇಳಬಹುದು: ‘ಪರೀಕ್ಷೆಯಲ್ಲಿ ನನಗೆ ಒಂದು ಸೋಂಕು ಸಿಕ್ಕಿದೆ. ಗುಣವಾಗುವಂಥದ್ದು. ನೀನೂ ಪರೀಕ್ಷೆ ಮಾಡಿಸಿಕೋ, ನಾನೂ ಜೊತೆಗೆ ಬರುತ್ತೇನೆ.’ ಯಾರಿಂದ ಬಂತು ಎಂಬ ವಿಚಾರಣೆಯನ್ನು ಅಂದೇ ಕೈಗೆತ್ತಿಕೊಳ್ಳಬೇಡಿ, ಲಕ್ಷಣವಿಲ್ಲದ ಸೋಂಕು ಎಷ್ಟು ಹಳೆಯದೆಂದು ಹೆಚ್ಚಿನ ಸಂದರ್ಭಗಳಲ್ಲಿ ಹೇಳಲು ಬಾರದು. ಮನೆಯಲ್ಲಿ ಹಿಂಸೆಯಾಗುವ ಭಯವಿದ್ದರೆ ಮೊದಲು ಆಪ್ತಸಮಾಲೋಚಕರಿಗೆ ತಿಳಿಸಿ. ಕ್ಲಮಿಡಿಯ, ಗೊನೋರಿಯಗಳಿಗೆ ಇಬ್ಬರ ಚಿಕಿತ್ಸೆಯೂ ಮುಗಿಯುವವರೆಗೆ, ಒಂದೇ ಡೋಸಿನ ಔಷಧಿಯಾದರೆ ಏಳು ದಿನ ಕಳೆಯುವವರೆಗೆ, ದೈಹಿಕ ಸಂಪರ್ಕ ಬೇಡ. ನಾಲ್ಕು ವಾರದೊಳಗೆ ಪಿಸಿಆರ್ ಮರುಪರೀಕ್ಷೆ ಮಾಡಿದರೆ ಸತ್ತ ಬ್ಯಾಕ್ಟೀರಿಯದ ಅವಶೇಷವೇ ಪಾಸಿಟಿವ್ ತೋರಿಸಬಹುದು. ಮತ್ತೆ ತಗಲಿದೆಯೇ ಎಂದು ನೋಡಲು ಮೂರು ತಿಂಗಳ ನಂತರ ಪರೀಕ್ಷಿಸುವುದು ವಾಡಿಕೆ.

ಹಂತ 9: ರೂಢಿಯಾಗಿಸಿಕೊಳ್ಳಿ

ಕರ್ನಾಟಕದಲ್ಲಿ ಈ ರೂಢಿಯನ್ನು ಶಿಸ್ತಾಗಿ ನಡೆಸಿಕೊಂಡು ಬಂದವರು ಯಾರು ಎಂದು ಕೇಳಿದರೆ, ಉತ್ತರ ಮರ್ಯಾದಸ್ಥರೆನಿಸಿಕೊಂಡ ಮನೆಗಳ ಕಡೆಗೆ ಹೋಗುವುದಿಲ್ಲ. ಮೈಸೂರಿನಲ್ಲಿ 2004ರಲ್ಲಿ ಆರಂಭವಾದ ಆಶೋದಯ ಸಮಿತಿಯಂಥ ಲೈಂಗಿಕ ಕಾರ್ಯಕರ್ತರ ಸ್ವಂತ ಸಂಘಟನೆಗಳ ಕಡೆಗೆ ಹೋಗುತ್ತದೆ. ರಾಷ್ಟ್ರೀಯ ಕಾರ್ಯಕ್ರಮ ಅವರಿಗೆ ಗೊತ್ತುಮಾಡಿರುವ ಕ್ರಮದಲ್ಲಿ ಮೂರು ತಿಂಗಳಿಗೊಮ್ಮೆ ವೈದ್ಯಕೀಯ ತಪಾಸಣೆ, ಆರು ತಿಂಗಳಿಗೊಮ್ಮೆ ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆ. ಅಲ್ಲಿ ಅನುಮಾನದ ಪ್ರಶ್ನೆ ಬರುವುದಿಲ್ಲ. ತಾರೀಕು ಬಂತು, ಜೊತೆಯವರು ನೆನಪಿಸಿದರು, ಹೋಗಿ ಬಂದರು. ಸಮಾಜ ಬೆರಳು ಮಾಡಿ ತೋರಿಸಿದ ಹೆಂಗಸರು ತಮ್ಮ ದೇಹದ ಹೊಣೆಯನ್ನು ಹೀಗೆ ಹೊತ್ತುಕೊಂಡಿರುವುದನ್ನು ಕಂಡರೆ ನನಗೆ ಅವರ ಬಗ್ಗೆ ಗೌರವ ಹುಟ್ಟುತ್ತದೆ, ಉಳಿದವರು ಅವರಿಂದ ಕಲಿಯಬೇಕು ಎನಿಸುತ್ತದೆ.

ಮನೆಗಳಲ್ಲಿ ನೆನಪಿಸುವ ಜೊತೆಯವರು ಇರುವುದಿಲ್ಲವಾದ್ದರಿಂದ ತಪಾಸಣೆಯನ್ನು ಹೇಗೂ ಮರೆಯದ ಒಂದು ದಿನಕ್ಕೆ ಸೇರಿಸಿಬಿಡಿ. ಹುಟ್ಟುಹಬ್ಬದ ವಾರ, ಆರೋಗ್ಯ ವಿಮೆಯ ಕಂತು ಕಟ್ಟುವ ತಿಂಗಳು, ಅಥವಾ ಮದುವೆಯ ದಿನ. ಹಳೆಯ ವರದಿಗಳನ್ನು, ನೆಗೆಟಿವ್ ಬಂದವನ್ನೂ ಸೇರಿಸಿ, ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ಮುಂದೊಮ್ಮೆ ಸಿಫಿಲಿಸ್ ಪಾಸಿಟಿವ್ ಬಂದರೆ ಅದು ಹೊಸದೋ ಹಳೆಯದೋ, ಎಷ್ಟು ಡೋಸು ಪೆನಿಸಿಲಿನ್ ಬೇಕು ಎಂದು ನಿರ್ಧರಿಸಲು ವೈದ್ಯರು ಮೊದಲು ಕೇಳುವುದು ಹಿಂದಿನ ವರದಿಯ ದಿನಾಂಕ ಮತ್ತು ಅಂಕಿಯನ್ನೇ. ಫೈಲಿಗೆ ಹಾಕುವ ಮುನ್ನ ಆ ಹಾಳೆಯ ಮೇಲಂಚಿನಲ್ಲಿ ಮುಂದಿನ ಪರೀಕ್ಷೆಯ ತಾರೀಕನ್ನು ಪೆನ್ನಿನಿಂದ ಬರೆದಿಡಿ.